ಕಾಲಯಂತ್ರ ಹತ್ತಿ ಕೌತಾಳಂ ಯುದ್ಧಕ್ಕೆ ಹೋಗುವವರಿಗೆ



ಹತ್ತನೇ ತರಗತಿಯಲ್ಲಿ ಬೆಳಕಿನ ಪಾಠ ನಡೀತಿತ್ತು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತೆ ಅಂತ ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ್, ಬೆಳಕಿಗಿಂತ ಜೋರಾಗಿ ಹೋದರೆ ಹಿಂದಿನ ಕಾಲಕ್ಕೆ ಹೋಗಬಹುದಂತಲ್ಲ?"

"ಹೋಗಿ ಏನ್ ಮಾಡ್ತೀಯಪ್ಪ?" ಅಂದೆ.

"ಕೌತಾಳಂ ಯುದ್ಧಕ್ಕೆ ಹೋಗ್ತೀನಿ ಸರ್. ಒಂದು ಎಕೆ-47 ಹಿಡ್ಕೊಂಡು. ನಮ್ಮವರನ್ನ ಗೆಲ್ಲಿಸಿ ಬರ್ತೀನಿ."

ತರಗತಿ ಎಲ್ಲ ಗೊಳ್ಳಂತ ನಕ್ಕಿತು. ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದವನು ಮೆಲ್ಲಗೆ ಅಂದ: "ಹಂಗಾದ್ರೆ ನಾನೂ ಬರ್ತೀನಿ ಸರ್. ಆ ಕಡೆಯಿಂದ."

ಈ ಸಲ ಯಾರೂ ನಗಲಿಲ್ಲ. ಆರನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತ ಹುಡುಗರು ಅವರು. ಒಬ್ಬನ ಮನೆಯ ಉಗ್ಗಾಣಿ, ಇನ್ನೊಬ್ಬನ ಮನೆಯ ಬಜ್ಜಿ, ಇಬ್ಬರಿಗೂ ಒಂದೇ ಡಬ್ಬಿ. ಅವತ್ತು ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಮರದ ಕೆಳಗೆ ಕೂತು ಉಂಡರು. ಆಮೇಲೆ ವಿಚಾರಿಸಿದರೆ ಗೊತ್ತಾಯ್ತು, ಮನೆಯ ಫೋನಿಗೆ ಯಾರೋ ಕಳಿಸಿದ್ದ ಎರಡು ನಿಮಿಷದ ವಿಡಿಯೋ. ಅದರಲ್ಲಿ ಕತ್ತಿ, ತೋಪು, ಹೊಗೆ, "ಧರ್ಮಯುದ್ಧ" ಅನ್ನೋ ದೊಡ್ಡ ಅಕ್ಷರ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡ್ತೀನಿ. "ಸುಮ್ಮನಿರ್ರಿ, ಪಾಠದ ಕಡೆ ನೋಡ್ರಿ" ಅಂತ ಹೇಳಿ ಮುಗಿಸಿಬಿಟ್ಟೆ. ವಿಜ್ಞಾನದ ಮೇಷ್ಟ್ರು ಹಾಗೆ ಮಾಡಬಾರದಿತ್ತು. ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ ಇದು. ಆ ಇಬ್ಬರಿಗೆ ಮಾತ್ರ ಅಲ್ಲ, ನಿಮಗೆಲ್ಲರಿಗೂ.

ಮೊದಲು ಯಂತ್ರದ ಮಾತು

ಮುಂದಿನ ಕಾಲಕ್ಕೆ ಹೋಗೋದು ಸಾಧ್ಯ. ಸ್ವಲ್ಪ ಮಟ್ಟಿಗೆ ಮನುಷ್ಯರು ಹೋಗಿಯೂ ಇದ್ದಾರೆ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ರಷ್ಯಾದ ಗಗನಯಾತ್ರಿ ಸರ್ಗೇಯ್ ಕ್ರಿಕಲ್ಯೋವ್ ಒಟ್ಟು 803 ದಿನ ಬಾಹ್ಯಾಕಾಶದಲ್ಲಿ ಭೂಮಿಯನ್ನು ಸುತ್ತಿದರು. ಅದರಿಂದ ಅವರ ವಯಸ್ಸು ನಮಗಿಂತ ಸೆಕೆಂಡಿನ ನೂರರಲ್ಲಿ ಎರಡು ಪಾಲಿನಷ್ಟು ಕಡಿಮೆಯಾಯಿತು. ಅಂದರೆ ಅವರು ಅಷ್ಟು ಮುಂದಿನ ಕಾಲಕ್ಕೆ ಬಂದಿಳಿದರು. ನಿಮ್ಮ ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರವೂ ನಮ್ಮ ಗಡಿಯಾರದ ಜೊತೆ ಹೊಂದೋದಿಲ್ಲ. ದಿನಕ್ಕೆ 38 ಮೈಕ್ರೋಸೆಕೆಂಡ್ ವ್ಯತ್ಯಾಸ ಬರುತ್ತದೆ, ಅದನ್ನು ಲೆಕ್ಕಕ್ಕೆ ತಗೊಂಡೇ ಆ ವ್ಯವಸ್ಥೆ ನಡೆಯುತ್ತದೆ.

ಹಿಂದಿನ ಕಾಲಕ್ಕೆ ಹೋಗೋದು ಬೇರೆ ಮಾತು. ನೀನು ಹಿಂದೆ ಹೋಗಿ ನಿನ್ನ ತಾತನ ಮದುವೆ ತಪ್ಪಿಸಿದರೆ ನೀನು ಹುಟ್ಟೋದೇ ಇಲ್ಲ. ಹುಟ್ಟದವನು ಹಿಂದೆ ಹೋಗಿ ಮದುವೆ ತಪ್ಪಿಸೋದು ಹೇಗೆ? ಈ ಗಂಟನ್ನು ಯಾರೂ ಇನ್ನೂ ಬಿಚ್ಚಿಲ್ಲ. ಸ್ಟೀಫನ್ ಹಾಕಿಂಗ್ ಇದಕ್ಕೊಂದು ತಮಾಷೆಯ ಪ್ರಯೋಗ ಮಾಡಿದರು. 2009ರ ಜೂನ್ 28ರಂದು ಕೇಂಬ್ರಿಡ್ಜಿನಲ್ಲಿ ಕಾಲಯಾತ್ರಿಕರಿಗಾಗಿ ಔತಣ ಏರ್ಪಡಿಸಿ, ಆಮಂತ್ರಣವನ್ನು ಮಾತ್ರ ಔತಣ ಮುಗಿದ ಮೇಲೆ ಪ್ರಕಟಿಸಿದರು. ಭವಿಷ್ಯದಿಂದ ಬರೋ ಶಕ್ತಿ ಇದ್ದವರು ಅದನ್ನು ಓದಿ ಹಿಂದಕ್ಕೆ ಬರಬೇಕಿತ್ತು. ಒಬ್ಬರೂ ಬರಲಿಲ್ಲ.

ಆದರೂ ನಾವೆಲ್ಲ ದಿನಾ ಹಿಂದಿನ ಕಾಲವನ್ನು ನೋಡುತ್ತೇವೆ. ಚಳಿಗಾಲದ ರಾತ್ರಿ ಮಾಳಿಗೆ ಹತ್ತಿ ಕೃತ್ತಿಕೆಯ ಗುಂಪನ್ನು ನೋಡಿ. ಅದು ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದೆ. ಇವತ್ತು ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಆದೋನಿ ಕೋಟೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಚಿತ್ರಾ ನಕ್ಷತ್ರ ಸುಮಾರು 250 ಜ್ಯೋತಿರ್ವರ್ಷ ದೂರ. ಅದರ ಬೆಳಕು ಹೊರಟಾಗ ಆದೋನಿಯಲ್ಲಿ ಬಸಾಲತ್ ಜಂಗ್ ಆಳುತ್ತಿದ್ದ. ಹಿಂದಿನದನ್ನು ನೋಡಬಹುದು, ಮುಟ್ಟೋಕಾಗಲ್ಲ. ಇತಿಹಾಸವೂ ಹಾಗೆಯೇ. ಅಲ್ಲಿಂದ ನಮಗೆ ಬಂದು ಮುಟ್ಟುವುದು ಕೆಲವು ಕಿರಣ ಮಾತ್ರ: ಒಂದು ಶಾಸನ, ಒಂದು ನಾಣ್ಯ, ಒಂದು ಪುಸ್ತಕ.

ಯಾವ ತಾರೀಕಿಗೆ ಹೋಗ್ತೀಯಪ್ಪ?

ಸರಿ, ಯಂತ್ರ ಇದೆ ಅಂತಲೇ ಇಟ್ಟುಕೊಳ್ಳೋಣ. ವಿಜಯನಗರದ ಮೊದಲನೇ ಬುಕ್ಕರಾಯನ ಸೈನ್ಯಕ್ಕೂ ಬಹಮನಿ ಸುಲ್ತಾನ ಮೊದಲನೇ ಮುಹಮ್ಮದ್ ಶಾಹನ ಸೈನ್ಯಕ್ಕೂ ನಮ್ಮ ಸೀಮೆಯಲ್ಲೇ ನಡೆದ ಯುದ್ಧವನ್ನು ಪುಸ್ತಕಗಳು ಕೌತಾಳಂ ಯುದ್ಧ ಎನ್ನುತ್ತವೆ. ಅದರ ವಿವರ ಹೆಚ್ಚಾಗಿ ಸಿಗುವುದು ಫಿರಿಶ್ತಾ ಎಂಬ ಪಾರ್ಸಿ ಭಾಷೆಯ ಇತಿಹಾಸಕಾರನಿಂದ. ಅವನು ಕೊಡುವ ವರ್ಷ ಹಿಜರಿ 767.

ನಮ್ಮ ಹುಡುಗ ಹಿಜರಿ ಶುರುವಾದ ಕ್ರಿ.ಶ. 622ನ್ನು ಕೂಡಿಸಿ ಯಂತ್ರದಲ್ಲಿ 1389 ಅಂತ ಒತ್ತುತ್ತಾನೆ. ಹೋಗಿ ಇಳಿದರೆ ಯುದ್ಧವೇ ಇಲ್ಲ! ಸುಲ್ತಾನ ತೀರಿಹೋಗಿ 14 ವರ್ಷ, ಬುಕ್ಕರಾಯ ತೀರಿಹೋಗಿ 12 ವರ್ಷ. ಯಾಕೆ ಹೀಗಾಯ್ತು? ಹಿಜರಿ ವರ್ಷ ಚಂದ್ರನ ಲೆಕ್ಕದ್ದು. ಅದಕ್ಕೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. 767 ಚಾಂದ್ರವರ್ಷ ಅಂದರೆ ಸುಮಾರು 744 ಸೌರವರ್ಷ. 622ಕ್ಕೆ 744 ಕೂಡಿಸಿ, 1366 ಬರುತ್ತದೆ. ಆಮೇಲೂ ಗೊಂದಲ ಮುಗಿಯಲ್ಲ. ಕೆಲವು ಇತಿಹಾಸಕಾರರು 1366 ಅಂತಾರೆ, ಕೆಲವರು 1367 ಅಂತಾರೆ. ಯಾವ ವರ್ಷ ಅನ್ನುವುದರಲ್ಲೇ ವಿದ್ವಾಂಸರು ಎಚ್ಚರದಿಂದ ಮಾತಾಡುವಾಗ, ಎರಡು ನಿಮಿಷದ ವಿಡಿಯೋಕ್ಕೆ ಎಲ್ಲವೂ ಹೇಗೆ ಖಚಿತವಾಗಿ ಗೊತ್ತು?

ಐದು ಲಕ್ಷ ಜನಕ್ಕೆ ಜೋಳ ಎಲ್ಲಿಂದ?

ಫಿರಿಶ್ತಾ ಬರೆಯುವಂತೆ ವಿಜಯನಗರದ ಕಡೆ 40,000 ಕುದುರೆ, 5 ಲಕ್ಷ ಕಾಲಾಳು. ಇದನ್ನು ಕಂಠಪಾಠ ಮಾಡಬೇಡಿ, ಲೆಕ್ಕ ಹಾಕಿ.

ಒಬ್ಬ ಮನುಷ್ಯನಿಗೆ ದಿನಕ್ಕೆ ಕುಡಿಯಲು, ಅಡುಗೆಗೆ 4 ಲೀಟರ್ ನೀರು, ಒಂದು ಕುದುರೆಗೆ 30 ಲೀಟರ್ ಅಂತ ಹಿಡಿಯೋಣ. ಮನುಷ್ಯರಿಗೆ 21 ಲಕ್ಷ 60 ಸಾವಿರ, ಕುದುರೆಗಳಿಗೆ 12 ಲಕ್ಷ, ಒಟ್ಟು 33 ಲಕ್ಷ 60 ಸಾವಿರ ಲೀಟರ್. ಬೇಸಿಗೆಯಲ್ಲಿ ನಮ್ಮ ಊರುಗಳಿಗೆ ಬರೋ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 672 ಟ್ಯಾಂಕರ್. ಒಂದು ಟ್ಯಾಂಕರ್ ಬಂದ ದಿನ ಕೊಡ ಹಿಡಿದು ಎಷ್ಟು ಹೊತ್ತು ನಿಂತಿದ್ದಿರಿ ಅಂತ ನೆನೆಸಿಕೊಳ್ಳಿ. ಇರಲಿ, ತುಂಗಭದ್ರೆಯ ದಂಡೆಯಲ್ಲಿ ಬೀಡುಬಿಟ್ಟರೆ ನೀರು ಸಿಗಬಹುದು. ಊಟ? ತಲೆಗೆ ಅರ್ಧ ಕಿಲೋ ಜೋಳ ಅಂದರೂ ದಿನಕ್ಕೆ 2,700 ಕ್ವಿಂಟಲ್, ಐವತ್ತು ಕಿಲೋದ 5,400 ಚೀಲ. ಒಂದು ಎತ್ತು ಎರಡು ಚೀಲ ಹೊತ್ತರೆ ದಿನಕ್ಕೆ 2,700 ಎತ್ತು ಬರಬೇಕು. ನಾಳೆ ಮತ್ತೆ ಅಷ್ಟೇ, ನಾಡಿದ್ದೂ ಅಷ್ಟೇ. ಆ ಎತ್ತುಗಳೂ ಮೇವು ತಿನ್ನುತ್ತವೆ!

ಇನ್ನೊಂದು ಲೆಕ್ಕ. 5 ಲಕ್ಷ ಜನ ಐದೈದು ಮಂದಿಯ ಸಾಲಿನಲ್ಲಿ, ಸಾಲಿಗೆ ಒಂದು ಮೀಟರ್ ಜಾಗ ಬಿಟ್ಟು ನಡೆದರೆ ದಂಡಿನ ಉದ್ದ 100 ಕಿ.ಮೀ. ಮುಂದಿನವನು ಕರ್ನೂಲು ಮುಟ್ಟೋ ಹೊತ್ತಿಗೆ ಕೊನೆಯವನು ಇನ್ನೂ ಆದೋನಿಯಲ್ಲೇ ಇರ್ತಾನೆ. ನಾಲ್ಕೈದು ದಾರಿಯಲ್ಲಿ ಹಂಚಿಕೊಂಡು ಹೋದರು ಅಂತ ನೀವು ವಾದಿಸಬಹುದು. ವಾದಿಸಿ, ಹೊಸದಾಗಿ ಲೆಕ್ಕ ಹಾಕಿ ನೋಡಿ. ನನ್ನ ಅಭಿಪ್ರಾಯದಲ್ಲಿ ಆ ಸಂಖ್ಯೆ ನಿಲ್ಲೋದಿಲ್ಲ. ಗೆದ್ದವರ ಕಡೆಯ ಕತೆಯಲ್ಲಿ ಎದುರಾಳಿಯ ದಂಡು ಯಾವಾಗಲೂ ದೊಡ್ಡದು. ನಿಮ್ಮ ಕಬಡ್ಡಿ ಪಂದ್ಯದ ಕತೆಯಲ್ಲೂ ಅಷ್ಟೇ ಅಲ್ವಾ?

ಒಂದು ಮಾತು ಮರೀಬಾರದು. ಸಂಖ್ಯೆಯನ್ನು ಅನುಮಾನಿಸೋದು ಬೇರೆ, ಸತ್ತವರನ್ನು ಇಲ್ಲ ಅನ್ನೋದು ಬೇರೆ. ಜನ ಸತ್ತದ್ದು ನಿಜ. ಐದು ಲಕ್ಷ ಅಲ್ಲ, ಐದು ಸಾವಿರ ಆಗಿದ್ದರೂ ಐದು ಸಾವಿರ ಮನೆಗಳಲ್ಲಿ ಒಲೆ ಉರಿಯಲಿಲ್ಲ. ಯಾವ ಕಡೆಯವರ ಮನೆ ಅಂತ ಒಲೆಗೆ ಗೊತ್ತಾಗಲ್ಲ.

ಬಜ್ಜಿಯ ಪರೀಕ್ಷೆ

ಈಗ ಆ ಇಬ್ಬರು ಹುಡುಗರ ಉಗ್ಗಾಣಿ-ಬಜ್ಜಿಯ ಮಾತಿಗೆ ಬರ್ತೀನಿ. 1366ರಲ್ಲಿ ಕೌತಾಳಂಗೆ ಹೋದ ಕಾಲಯಾತ್ರಿಕನಿಗೆ ಹಸಿವಾದರೆ ಮೆಣಸಿನಕಾಯಿ ಬಜ್ಜಿ ಸಿಗೋದಿಲ್ಲ. ಶೇಂಗಾ ಚಟ್ನಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಇವೆಲ್ಲ ಅಮೆರಿಕಾ ಖಂಡದ ಬೆಳೆಗಳು. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲೆ, ವಾಸ್ಕೋ ಡ ಗಾಮ 1498ರಲ್ಲಿ ನಮ್ಮ ಕಡಲತೀರಕ್ಕೆ ಬಂದ ಮೇಲೆ ಅವು ಇಲ್ಲಿಗೆ ಬಂದವು. ಇಂದು ಆದೋನಿ ಸೀಮೆಯ ಹೊಲಗಳಲ್ಲಿ ಕಾಣುವ ಶೇಂಗಾ ಅಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ, "ಬುಕ್ಕರಾಯನ ಸೈನಿಕರು ಯುದ್ಧಕ್ಕೆ ಮುಂಚೆ ಮೆಣಸಿನಕಾಯಿ ಬಜ್ಜಿ ತಿಂದರು" ಅಂತ ಯಾವುದಾದರೂ ಪುಸ್ತಕದಲ್ಲಿ ಇದ್ದರೆ, ಅದನ್ನು ಬರೆದವನು ತನ್ನ ಕಾಲದ ತಿಂಡಿಯನ್ನು ಹಿಂದಿನ ಕಾಲಕ್ಕೆ ಹೊತ್ತುಕೊಂಡು ಹೋಗಿದ್ದಾನೆ ಅಂತ ಹಿಡಿದುಬಿಡಬಹುದು.

ಇದೇ ಪರೀಕ್ಷೆಯನ್ನು ತೋಪಿಗೆ ಹಚ್ಚಿ. ಸುಲ್ತಾನನ ಕಡೆ ತೋಪುಗಳಿದ್ದವು, ಅವುಗಳನ್ನು ತುರ್ಕರೂ ಫಿರಂಗಿಗಳೂ ಅಂದರೆ ಯೂರೋಪಿನವರೂ ನಡೆಸಿದರು ಎಂದು ಫಿರಿಶ್ತಾ ಬರೆಯುತ್ತಾನೆ. ಆದರೆ ಅವನು ಬರೆದದ್ದು 1600ರ ನಂತರ, ಬಿಜಾಪುರದಲ್ಲಿ ಕೂತು. ಯುದ್ಧ ನಡೆದು ಸುಮಾರು 240 ವರ್ಷ ಕಳೆದಿತ್ತು. ಅವನ ಕಾಲಕ್ಕೆ ಬಿಜಾಪುರದಲ್ಲಿ ದೊಡ್ಡ ದೊಡ್ಡ ತೋಪುಗಳಿದ್ದವು. ಕೋಟೆಯ ಮೇಲೆ ಇವತ್ತಿಗೂ ಇರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು. ತನ್ನ ಕಣ್ಣೆದುರು ಇದ್ದ ತೋಪುಗಳನ್ನೇ ಅವನು 1366ಕ್ಕೆ ಸಾಗಿಸಿಬಿಟ್ಟ ಅನ್ನೋದು ಹಲವು ಇತಿಹಾಸಕಾರರ ಅನುಮಾನ. ಸಿಡಿಮದ್ದಿನ ಬಾಣಗಳಂಥದ್ದು ಏನೋ ಇದ್ದಿರಬಹುದು ಅನ್ನುವವರೂ ಇದ್ದಾರೆ. ಕನ್ನಡದಲ್ಲಿ ತೋಪಿಗೆ ಇರುವ ಇನ್ನೊಂದು ಹೆಸರನ್ನೇ ನೋಡಿ: ಫಿರಂಗಿ. ಹೊರಗಿನಿಂದ ಬಂದ ಜನರ ಹೆಸರೇ ಆ ವಸ್ತುವಿಗೆ ಅಂಟಿಕೊಂಡಿದೆ.

ನಿಜವಾದ ಕಾಲಯಾತ್ರಿಕ ಯಾರು ಅಂತ ಈಗ ಗೊತ್ತಾಯ್ತಾ? ಫಿರಿಶ್ತಾನೇ. ಹಿಂದಿನ ಯುದ್ಧಕ್ಕೆ ಹೋಗುವಾಗ ತನ್ನ ಕಾಲದ ಸಾಮಾನನ್ನೂ ಜೊತೆಗೆ ಕಟ್ಟಿಕೊಂಡು ಹೋದ. ಅವನನ್ನು ಬೈಯಬೇಕಾಗಿಲ್ಲ. ಎಕೆ-47 ಹಿಡಿದು ಹೊರಟ ನಮ್ಮ ಹುಡುಗ ಮಾಡಿದ್ದೂ ಅದನ್ನೇ, ಆ ವಿಡಿಯೋ ಮಾಡಿದವರು ಮಾಡಿದ್ದೂ ಅದನ್ನೇ. ಫಿರಿಶ್ತಾ ತೋಪು ಒಯ್ದ. ನಾವು ಇವತ್ತಿನ ಸಿಟ್ಟು ಒಯ್ಯುತ್ತೇವೆ.

ಜಗಳ ಶುರುವಾದದ್ದು ಒಂದು ಚೀಟಿಯಿಂದ

"ಧರ್ಮಯುದ್ಧ" ಅನ್ನೋ ಮಾತೂ ಹಾಗೇ ಒಯ್ದದ್ದೋ? ಪೂರ್ತಿ ಹಾಗನ್ನೋಕಾಗಲ್ಲ. ಧರ್ಮದ ಹೆಸರಿನಲ್ಲಿ ಎರಡೂ ಕಡೆ ಸೈನಿಕರನ್ನು ಹುರಿದುಂಬಿಸಿದರು ಅಂತ ಫಿರಿಶ್ತಾ ಹೇಳುತ್ತಾನೆ. ಆದರೆ ಅವನೇ ಹೇಳುವ ಕತೆಯಲ್ಲಿ ಜಗಳ ಶುರುವಾಗೋದು ಹೇಗೆ ಗೊತ್ತಾ? ಹಾಡುಗಾರರ ಕೂಲಿಯಿಂದ! ಸುಲ್ತಾನನ ಸಭೆಯಲ್ಲಿ ದೆಹಲಿಯ ಹಾಡುಗಾರರು ಹಾಡಿದರು. ಖುಷಿಯಾದ ಸುಲ್ತಾನ, ಇವರಿಗೆ ವಿಜಯನಗರದ ಖಜಾನೆಯಿಂದ ಹಣ ಕೊಡಲಿ ಅಂತ ಚೀಟಿ ಬರೆಸಿದ. ಚೀಟಿ ತಂದವನನ್ನು ಬುಕ್ಕರಾಯ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಅಟ್ಟಿದ, ಆಮೇಲೆ ಮುದಗಲ್ಲು ಕೋಟೆ ಹಿಡಿದ.

ಚೀಟಿ ನೆಪ ಅಂತ ನನಗನ್ನಿಸುತ್ತೆ. ಭೂಪಟ ತೆಗೆದು ನೋಡಿ. ಕೃಷ್ಣಾ-ತುಂಗಭದ್ರೆಯ ನಡುವಿನ ರಾಯಚೂರು ಸೀಮೆ ಫಲವತ್ತಾದ ನೆಲ, ರಾಯಚೂರು ಮತ್ತು ಮುದಗಲ್ಲಿನ ಗಟ್ಟಿ ಕೋಟೆಗಳು, ಹಟ್ಟಿಯ ಚಿನ್ನದ ನೆಲವೂ ಅಲ್ಲೇ. ಬಹಮನಿಗಳೂ ವಿಜಯನಗರವೂ ಹುಟ್ಟುವ ಮೊದಲೇ ಚಾಲುಕ್ಯರೂ ಚೋಳರೂ ಇದೇ ಸೀಮೆಗೆ ಬಡಿದಾಡಿದ್ದರು. ಅವರಿಬ್ಬರೂ ಶಿವನಿಗೆ ಗುಡಿ ಕಟ್ಟಿದವರೇ. ದೇವರು ಒಂದೇ ಇದ್ದಾಗಲೂ ಯುದ್ಧ ನಿಲ್ಲಲಿಲ್ಲ ಅಂದಮೇಲೆ, ದೇವರು ಬೇರೆ ಅನ್ನೋದೊಂದೇ ಕಾರಣ ಹೇಗಾದೀತು? ಒಂದು ಚಲಕವನ್ನು ತೆಗೆದರೂ ಫಲಿತಾಂಶ ಬದಲಾಗದಿದ್ದರೆ ಕಾರಣವನ್ನು ಬೇರೆ ಕಡೆಯೂ ಹುಡುಕಬೇಕು. ಪ್ರಯೋಗಶಾಲೆಯಲ್ಲಿ ನಾನು ನಿಮಗೆ ಕಲಿಸೋದು ಇದನ್ನೇ ಅಲ್ವಾ?

ನನಗೆ ಇಷ್ಟವಾದ ಭಾಗಕ್ಕೂ ಅದೇ ಪರೀಕ್ಷೆ

ಕತೆಯ ಕೊನೆಯೂ ಕೇಳಿ. ಸೋತ ಮೇಲೆ ವಿಜಯನಗರದ ರಾಯಭಾರಿಗಳು ಬಂದರು, ಹಾಡುಗಾರರ ಹಣ ಸಂದಾಯ ಆಯಿತು. ಆಮೇಲೆ ಅವರು, ತಪ್ಪು ಮಾಡದ ಬಡವರನ್ನು, ಹೆಂಗಸರು ಮಕ್ಕಳನ್ನು ಕೊಲ್ಲಬೇಕು ಅಂತ ಯಾವ ಧರ್ಮವೂ ಹೇಳಲ್ಲ ಅಂತ ವಾದಿಸಿದರಂತೆ. ಸುಲ್ತಾನ ಒಪ್ಪಿ, ಗೆದ್ದ ಮೇಲೆ ಇನ್ನು ಯಾರನ್ನೂ ಕೊಲ್ಲುವುದಿಲ್ಲ ಅಂತ ಆಣೆ ಮಾಡಿದನಂತೆ.

ನನಗೆ ಈ ಭಾಗ ತುಂಬಾ ಇಷ್ಟ. ಅದಕ್ಕೇ ಇದನ್ನು ಹೆಚ್ಚು ಅನುಮಾನಿಸಬೇಕು! ಐದು ಲಕ್ಷದ ಸಂಖ್ಯೆಯನ್ನು ನಂಬದವನು, ಅದೇ ಪುಸ್ತಕದ ಸಿಹಿ ಮಾತನ್ನು ಮಾತ್ರ ಕಣ್ಮುಚ್ಚಿ ನಂಬಿದರೆ ಅದು ವಿಜ್ಞಾನ ಆಗಲ್ಲ. ಹಾಗಾಗಿ 240 ವರ್ಷ ಆದಮೇಲೆ ಬರೆದ ಪುಸ್ತಕವನ್ನು ಬದಿಗಿಟ್ಟು, ಆಯಾ ಕಾಲದಲ್ಲೇ ಕೆತ್ತಿದ ಕಲ್ಲುಗಳನ್ನು ನೋಡೋಣ.

1368, ಶ್ರವಣಬೆಳಗೊಳ. ಕೌತಾಳಂ ಯುದ್ಧ ಆಗಿ ಒಂದೆರಡು ವರ್ಷ, ಅಷ್ಟೇ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆಗಿ ಜೈನರು ರಾಜನ ಹತ್ತಿರ ದೂರು ಒಯ್ದರು. ಅದೇ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಅಂತ ತೀರ್ಪು ಕೊಟ್ಟ ಎಂದು ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ಶಾಸನಗಳಲ್ಲಿ ಅವನಿಗಿರುವ ಬಿರುದು "ಹಿಂದೂರಾಯ ಸುರತ್ರಾಣ". ಸುರತ್ರಾಣ ಅಂದರೆ ಸುಲ್ತಾನ. ಎದುರಾಳಿಯ ಪದವಿಯ ಹೆಸರನ್ನೇ ಅವನು ತನ್ನ ಬಿರುದಿನಲ್ಲಿ ಇಟ್ಟುಕೊಂಡಿದ್ದ! 1439, ಹಂಪಿ. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಒಂದು ಮಸೀದಿ ಕಟ್ಟಿಸಿದ. ಅದರ ಶಾಸನ ಆ ಕಟ್ಟಡವನ್ನು ಧರ್ಮಸಾಲೆ ಎನ್ನುತ್ತದೆ, ಕಟ್ಟಿಸಿದ್ದು ದೇವರಾಯನ ಪುಣ್ಯಕ್ಕಾಗಿ ಅಂತ ಹೇಳುತ್ತದೆ.

ಇವನ್ನು ಓದಿ "ಹಿಂದೆ ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದರು, ಜಗಳವೇ ಇರಲಿಲ್ಲ" ಅಂದರೆ ಅದೂ ಸುಳ್ಳಾಗುತ್ತದೆ. ಜಗಳ ಇತ್ತು, ರಕ್ತ ಹರಿಯಿತು. ಜೊತೆಗೆ ಇವೂ ಇದ್ದವು. ಅಲ್ಲಿಗೆ ಹೋದ ಕಾಲಯಾತ್ರಿಕ ಎರಡನ್ನೂ ನೋಡುತ್ತಾನೆ. "ನಮ್ಮವರು ಯಾರು?" ಅಂತ ಬಟ್ಟೆ ನೋಡಿ ಹೇಳೋಕೆ ಅವನಿಗೆ ಕಷ್ಟ ಆಗುತ್ತೆ.

ಕೊನೆಗೆ ನಾನು ಕೇಳೋದು ಇಷ್ಟೇ. ಮುಂದಿನ ಸಲ ಇಂಥ ವಿಡಿಯೋ ಬಂದರೆ ಮೂರು ಪ್ರಶ್ನೆ ಹಾಕಿ. ಇದನ್ನು ಹೇಳಿದವರು ಘಟನೆ ಆದ ಎಷ್ಟು ವರ್ಷಕ್ಕೆ ಹೇಳಿದರು? ಸಂಖ್ಯೆ ಲೆಕ್ಕಕ್ಕೆ ನಿಲ್ಲುತ್ತಾ? ಆ ಕಾಲದಲ್ಲಿ ಇಲ್ಲದ ಯಾವ ಸಾಮಾನು ಇದರಲ್ಲಿ ನುಸುಳಿದೆ? ಮೂರಕ್ಕೂ ಉತ್ತರ ಸಿಗುವವರೆಗೆ ಮುಂದಕ್ಕೆ ಕಳಿಸಬೇಡಿ. ದೊಡ್ಡವರು ಕಳಿಸಿದ್ದಾದರೂ ಸರಿ. ಮೇಷ್ಟ್ರು ಕಳಿಸಿದ್ದಾದರೂ ಸರಿ.

ಕೌತಾಳಂಗೆ ಹೋಗಬೇಕು ಅನ್ನೋ ಆಸೆ ಇದ್ದರೆ ಯಂತ್ರ ಬೇಡ, ಆದೋನಿಯಿಂದ ಬಸ್ಸು ಸಾಕು. ಅಲ್ಲಿ ಖಾದರಲಿಂಗ ಸ್ವಾಮಿಯ ದರ್ಗಾ ಇದೆ. ಹೆಸರನ್ನು ಒಂದು ಸಲ ಬಿಡಿಸಿ ಓದಿ: ಖಾದರ, ಲಿಂಗ. ಉರುಸಿಗೆ ಎರಡೂ ಕಡೆಯ ಜನ ಹೋಗುತ್ತಾರೆ. ಆ ಇಬ್ಬರು ಹುಡುಗರನ್ನು ಈ ಸಲ ನಾನೇ ಕರ್ಕೊಂಡು ಹೋಗ್ತೀನಿ. ದಾರಿಯಲ್ಲಿ ಉಗ್ಗಾಣಿ-ಬಜ್ಜಿ ನನ್ನ ಖರ್ಚು. ಒಂದೇ ಪ್ಲೇಟಿನಲ್ಲಿ ತಿನ್ನಬೇಕು ಅನ್ನೋದು ನನ್ನ ಷರತ್ತು.